ಹಳೇ ಫ್ಲ್ಯಾಶ್‌ನ ಕ್ಯಾಮೆರಾದ ಹಾಟ್ ಶೂಗೆ (ತಲೆ ಮೇಲೆ ಫ್ಲ್ಯಾಶ್ ಕೂರಿಸೋ ಜಾಗಕ್ಕೆ) ಏರಿಸೋ ಮುಂಚೆ ಇದೊಂದ್ಸಲ ಓದ್ರಿ

ಮದ್ವೆ ಫೋಟೋ ತೆಗಿಯೋ ಹುಡುಗ್ರಿಗೆ ಮುಖ್ಯವಾಗಿ ಹೇಳ್ತಿದೀನಿ. ಹೋದ ತಿಂಗಳು ಹರಿಹರದಾಗೆ ಒಂದು ಮದ್ವೆ, ರಾತ್ರಿ ರಿಸೆಪ್ಷನ್‌ನಾಗೇ ನನ್ ಫ್ಲ್ಯಾಶ್ ಕೈಕೊಡ್ತು, ಬೆಳಗ್ಗೆ ಮುಹೂರ್ತ, ಅಷ್ಟೊತ್ತಲ್ಲಿ ಎಲ್ಲಿಂದ ತರೋದು. ನಮ್ ದೊಡ್ಡಪ್ಪ ರೀಲ್ ಕಾಲದಾಗೆ ದಾವಣಗೆರೆ ಮಂಡಿಪೇಟೆ ಹತ್ರ ಸ್ಟುಡಿಯೋ ಇಟ್ಟಿದ್ರು, ಅವ್ರ ಬೀರುನಾಗೆ ಒಂದು ಫ್ಲ್ಯಾಶ್ ಇತ್ತು. ನಾಲ್ಕು ಸೆಲ್ ಹಾಕಿದ್ರೆ ಈಗ್ಲೂ ಕುಂಯ್ ಅಂತ ಚಾರ್ಜಾಗಿ ದೀಪ ಹತ್ತೋದು, ಟೆಸ್ಟ್ ಬಟನ್ ಒತ್ತಿದ್ರೆ ಹೊಡಿಯೋದು, ಇನ್ನೇನು ಬೇಕು ಅಂತ ತಗಂಡೋದೆ.

ಡಿಜಿಟಲ್ ಕ್ಯಾಮೆರಾ ಶೂನಾಗೆ ಸಲೀಸಾಗಿ ಕೂತ್ಕಂತು. ನಾನು ಮೋಸ ಹೋಗಿದ್ದೇ ಅಲ್ಲಿ. ಶೂ ಅಳತೆ ಅವತ್ತಿಂದ ಇವತ್ತಿಗೂ ಹೆಚ್ಚುಕಮ್ಮಿ ಅದೇ, ಒಳಗಿನ ವೋಲ್ಟೇಜ್ ಮಾತ್ರ ಬೇರೆ. ಮೂವತ್ತು ನಲವತ್ತು ಫೋಟೋ ಚೆನ್ನಾಗೇ ಬಂದ್ವು. ಧಾರೆ ಶುರುವಾಯ್ತು ನೋಡ್ರಿ, ನಾನು ಬಟನ್ ಒತ್ತೇ ಇಲ್ಲ, ಫ್ಲ್ಯಾಶ್ ತಾನಾಗೇ ಒಂದ್ಸಲ ಹೊಡೀತು, ಆಮೇಲೆ ಸುಮ್ನಾಯ್ತು. ಸೆಲ್ ಬದಲಾಯ್ಸಿದೆ, ಶೂ ಒರೆಸಿದೆ, ವಿಡಿಯೋದಣ್ಣನ ಫ್ಲ್ಯಾಶ್ ಇಸ್ಕಂಡು ಹಾಕಿದೆ, ಅದೂ ಹೊಡಿಲಿಲ್ಲ. ಶೂನೇ ಹೋಗಿತ್ತು. ಉಳಿದಿದ್ದೆಲ್ಲ ಫ್ಲ್ಯಾಶ್ ಇಲ್ದೆ, ಕ್ಯಾಮೆರಾದ ಐಎಸ್ಒ (ಬೆಳಕು ಹಿಡಿಯೋ ಸೂಕ್ಷ್ಮತೆ) 6400ಕ್ಕೆ ಏರಿಸಿ ತೆಗೆದೆ, ಹುಡುಗಿ ಅಪ್ಪ ಕಣ್ಣೊರೆಸ್ಕೊಳ್ಳೋ ಫೋಟೋ ಅಲ್ಲಾಡೋಗಿದೆ, ಅದು ಮತ್ತೆ ಸಿಗಲ್ಲ.

ರಿಪೇರಿ ಮಾಡೋ ಅಣ್ಣ ಮಲ್ಟಿಮೀಟರ್ ತಗಂಡು, ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗೋಗಂಟ ಬಿಟ್ಟು, ಕೆಂಪು ಕಡ್ಡೀನ ಫ್ಲ್ಯಾಶ್ ಪಾದದ (ಶೂನಾಗೆ ಕೂರೋ ತಳದ) ಮಧ್ಯದ ಪಿನ್ನಿಗೆ, ಕಪ್ಪುದನ್ನ ಪಕ್ಕದ ಲೋಹದ ಪಟ್ಟಿಗೆ ಮುಟ್ಟಿಸಿದ್ರು. 238 ವೋಲ್ಟ್. "ತಮ್ಮಾ, ಇದನ್ನ ಕ್ಯಾಮೆರಾ ಮೇಲೆ ಇಟ್ಟಿದ್ಯಾ" ಅಂದ್ರು. ಹಳೇ ಕ್ಯಾಮೆರಾದಾಗೆ ಎರಡು ಲೋಹದ ತುಂಡು ಮುಟ್ಟಿ ಫ್ಲ್ಯಾಶ್ ಹೊಡಿಯೋದಂತೆ, ಅದಕ್ಕೆ ಜಾಸ್ತಿ ವೋಲ್ಟ್ ಬಂದ್ರೂ ತಡಿಯೋದು. ಈಗಿನದ್ರಾಗೆ ಆ ಕೆಲ್ಸ ಮಾಡೋದು ಒಂದು ಸಣ್ಣ ಎಲೆಕ್ಟ್ರಾನಿಕ್ ಸ್ವಿಚ್ಚು. ಐಎಸ್ಒ 10330 ಅನ್ನೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್‌ನಾಗೆ ಇದಕ್ಕಿರೋ ಮಿತಿ 24 ವೋಲ್ಟ್. ಕೆಲವು ಕ್ಯಾಮೆರಾ 250ರವರೆಗೂ ತಡಿತವೆ, ಆದ್ರೆ ನಿಮ್ಮದು ಎಷ್ಟು ಅಂತ ಮ್ಯಾನ್ಯುಯಲ್‌ನಾಗೇ ನೋಡ್ರಿ. ಫ್ಲ್ಯಾಶ್ ಮಾಡೆಲ್ ಹೆಸರು ನೋಡಿ ನಂಬಬ್ಯಾಡ್ರಿ, ವಿವಿಟಾರ್ 283 ಅಂಥದ್ರಾಗೇ ಮೊದ್ಲು ಬಂದವು ನೂರಾರು ವೋಲ್ಟು, ಆಮೇಲಿನವು ಹತ್ತರೊಳಗೆ.

ವೋಲ್ಟೇಜ್ ಅಳೆಯೋವಾಗ ಪಿನ್ನಿಗೆ ಬೆರಳು ತಾಗಿಸಬ್ಯಾಡ್ರಿ, ಮೀಟರ್ 600 ಡಿಸಿ ವೋಲ್ಟಿಗಿಟ್ಟು ಶುರು ಮಾಡ್ರಿ. ಜಾಸ್ತಿ ಬಂದ್ರೆ ನೇರ ಹಾಕ್ಲೇಬ್ಯಾಡ್ರಿ, ಮಧ್ಯ ಹಾಕೋ ವೋಲ್ಟೇಜ್ ತಡಿಯೋ ಅಡಾಪ್ಟರ್ ಸಿಗ್ತವೆ. ಹೊಸ ಫ್ಲ್ಯಾಶ್ ಆದ್ರೂ ಕ್ಯಾಮೆರಾ, ಫ್ಲ್ಯಾಶ್ ಎರಡೂ ಆಫ್ ಮಾಡಿ, ಪಾದ ಕೊನೆಗಂಟ ತಳ್ಳಿ, ಆಮೇಲೆ ಲಾಕ್ ತಿರುಗ್ಸ್ರಿ. ಹಳೇದ್ರ ಮೇಲೆ ವೋಲ್ಟೇಜ್ ಬರೆದು ಒಂದು ಟೇಪ್ ಅಂಟಿಸಿಡ್ರಿ, ನಾಳೆ ನಿಮ್ ಅಸಿಸ್ಟೆಂಟ್ ಹುಡುಗ ಅರ್ಜೆಂಟ್‌ನಾಗೆ ಅದನ್ನೇ ಎತ್ಕಂಡೋಗ್ತಾನೆ. ದೊಡ್ಡಪ್ಪನ ಫ್ಲ್ಯಾಶ್ ಮೇಲೆ ನಾನು ಬರೆದಿಟ್ಟಿದೀನಿ.