ರೌಟರ್‌ಗೆ ರ‍್ಯಾಮ್, ಫ್ಲಾಶ್ ಹಾಕಿಸ್ತೀರಾ? ಮೊದಲು ಹಳೆ ಚಿಪ್‌ನ ಬ್ಯಾಕಪ್ ಕೇಳಿ
ಹಳೆ ರೌಟರ್ ಬಿಚ್ಚಿ ರ‍್ಯಾಮ್, ಫ್ಲಾಶ್ (ಪವರ್ ಹೋದರೂ ಅಳಿಯದ ಮೆಮೊರಿ) ಚಿಪ್ ಬದಲಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಅವರ ಕೈಗೆ ನಿಮ್ಮದನ್ನು ಕೊಡುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನನ್ನ ಎರಡು ರೌಟರ್‌ಗಳು ಅಂಥವರೊಬ್ಬರ ಹತ್ತಿರ ಹೋಗಿಬಂದವು. ಎರಡೂ ಆನ್ ಆಗುತ್ತವೆ, ಲೈಟೆಲ್ಲ ಉರಿಯುತ್ತವೆ. ಆದರೂ ಕೆಟ್ಟಿವೆ.

ಎರಡೂ ಒಂದೇ ಮಾಡೆಲ್. 4 ಎಂಬಿ ಫ್ಲಾಶ್, 32 ಎಂಬಿ ರ‍್ಯಾಮ್. ಈಗಿನ ಓಪನ್‌ಡಬ್ಲ್ಯುಆರ್‌ಟಿ (ಕಂಪನಿಯದರ ಬದಲು ರೌಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಓಡಬೇಕಾದರೆ ಕನಿಷ್ಠ 8 ಎಂಬಿ ಫ್ಲಾಶ್, 64 ಎಂಬಿ ರ‍್ಯಾಮ್ ಬೇಕು. ಅದಕ್ಕೇ 16ಕ್ಕೆ, 64ಕ್ಕೆ ಏರಿಸಲು ಕೊಟ್ಟಿದ್ದು. ವಾಪಸ್ ಬಂದಾಗ ಸ್ಟೇಟಸ್ ಪುಟದಲ್ಲಿ ಎರಡೂ ಲೆಕ್ಕ ಸರಿಯಾಗೇ ಇತ್ತು.

ಆದರೆ ವೈಫೈ ಪಕ್ಕದ ಕೋಣೆಗೇ ನೆಟ್ಟಗೆ ತಲುಪುತ್ತಿರಲಿಲ್ಲ. ಎರಡನ್ನೂ ಕೇಬಲ್‌ನಲ್ಲಿ ಜೋಡಿಸಿದರಂತೂ ನೆಟ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕೊನೆಗೆ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಧನಕ್ಕೂ ಬೇರೆಯೇ ಇರಬೇಕಾದ ಗುರುತಿನ ಸಂಖ್ಯೆ) ನೋಡಿದರೆ ಎರಡರದ್ದೂ ಒಂದೇ! ತಳದ ಸ್ಟಿಕ್ಕರ್‌ಗಳಲ್ಲಿ ಬೇರೆ ಬೇರೆ ಇದೆ. ಒಳಗಿದ್ದದ್ದು ಎರಡಕ್ಕೂ ಸೇರದ, ಯಾರದೋ ಮೂರನೆಯ ರೌಟರ್‌ನದು.

ಆಗಿದ್ದು ಇಷ್ಟು. ಫರ್ಮ್‌ವೇರ್ (ರೌಟರ್ ಓಡಿಸುವ ಸಾಫ್ಟ್‌ವೇರ್) ಒಂದು ಮಾಡೆಲ್‌ನ ಎಲ್ಲ ರೌಟರ್‌ಗೂ ಒಂದೇ ಇರಬಹುದು, ಆದರೆ ಫ್ಲಾಶ್‌ನಲ್ಲಿ ಆ ಒಂದು ರೌಟರ್‌ಗೆ ಮಾತ್ರ ಸೇರಿದ ಮಾಹಿತಿಯೂ ಇರುತ್ತದೆ. ಏಥರೋಸ್ ಕಂಪನಿಯ ಚಿಪ್‌ನ ಹಳೆ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಫ್ಲಾಶ್‌ನ ಕೊನೆಯ 64 ಕೆಬಿ ಇದಕ್ಕೇ ಮೀಸಲು, ಎಆರ್‌ಟಿ ಅಂತಾರೆ. ಫ್ಯಾಕ್ಟರಿಯಲ್ಲಿ ಒಂದೊಂದು ಬೋರ್ಡಿನ ರೇಡಿಯೋ ಅಳೆದು ಬರೆದ ಕ್ಯಾಲಿಬ್ರೇಶನ್, ಅಂದರೆ ಹೊಂದಾಣಿಕೆಯ ಲೆಕ್ಕ, ಅಲ್ಲಿರುತ್ತದೆ. ಅದು ಖಾಲಿಯಾಗಿದ್ದರೆ ವೈಫೈ ಏಳುವುದೇ ಇಲ್ಲ. ಬೇರೆ ಬೋರ್ಡಿನದು ಹಾಕಿದರೆ ಏಳುತ್ತದೆ, ಆದರೆ ಇನ್ನೊಬ್ಬರ ಕನ್ನಡಕ ಹಾಕಿಕೊಂಡ ಹಾಗೆ. ಈ ಪುಣ್ಯಾತ್ಮರು ಒಂದೇ ಡಂಪ್ (ಇಡೀ ಚಿಪ್‌ನ ನಕಲು ಫೈಲ್) ಇಟ್ಟುಕೊಂಡು ಬಂದ ರೌಟರ್‌ಗೆಲ್ಲ ಅದನ್ನೇ ಬರೆಯುತ್ತಿದ್ದರು. ನನ್ನ ಹಳೆ ಚಿಪ್ ಕೊಡಿ ಅಂದರೆ, "ಅದನ್ನ ಬಿಸಾಕಿದ್ವಿ, ಅದ್ಯಾಕೆ ಬೇಕು ನಿಮಗೆ?" ಅಂದರು. ಮ್ಯಾಕ್ ವಿಳಾಸವನ್ನೇನೋ ಸೆಟ್ಟಿಂಗ್‌ನಲ್ಲಿ ತಿದ್ದಬಹುದು. ಕ್ಯಾಲಿಬ್ರೇಶನ್ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ.

ಇನ್ನು ರ‍್ಯಾಮ್. ಒಂದು ರೌಟರ್ ಲೋಡ್ ಜಾಸ್ತಿಯಾದಾಗೆಲ್ಲ ರೀಬೂಟ್ ಆಗುತ್ತಿತ್ತು. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಈ ಚಿಪ್‌ಗೆ 66 ಕಾಲು, ಕಾಲಿಂದ ಕಾಲಿಗೆ 0.65 ಮಿಮೀ. ಮೂಲೆಯ ಹತ್ತಿರದ ಒಂದು ಕಾಲು ಸೂಜಿಯಿಂದ ಮುಟ್ಟಿದರೆ ಅಲ್ಲಾಡುತ್ತಿತ್ತು. ಬೆಸುಗೆ ಹಿಡಿದೇ ಇಲ್ಲ, ಸುಮ್ನೆ ಮೇಲೆ ಕೂತಿದೆ. ಸುತ್ತ ಬೆಸುಗೆಗೆ ಹಚ್ಚುವ ಫ್ಲಕ್ಸ್ ಕಂದಾಗಿ ಸುಟ್ಟು ಅಂಟಿಕೊಂಡಿತ್ತು, ಒರೆಸುವ ಗೋಜಿಗೂ ಹೋಗಿಲ್ಲ.

ಮಾಡಿಸಲೇಬೇಕು ಅಂದರೆ, ಚಿಪ್‌ಗೆ ಬಿಸಿ ತಾಗುವ ಮುಂಚೆ ಅದರ ಪೂರ್ತಿ ಡಂಪ್ ತೆಗೆಸಿ. ಎರಡು ಸಲ ಓದಿಸಿ, ಚೆಕ್‌ಸಮ್ (ಫೈಲ್‌ನಲ್ಲಿರುವುದರಿಂದ ಲೆಕ್ಕಹಾಕಿದ ಸಂಖ್ಯೆ) ಒಂದೇ ಬಂದರೆ ಮಾತ್ರ ಮುಂದಿನ ಮಾತು. ಆ ಫೈಲೂ ಹಳೆ ಚಿಪ್ಪೂ ನಿಮ್ಮ ಕೈಗೆ ಬರಬೇಕು. ಚಿಪ್ ದೊಡ್ಡದಾದರೆ ಎಆರ್‌ಟಿ ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿ. ಹೊಸ ಫರ್ಮ್‌ವೇರ್ ಹುಡುಕುವ ಜಾಗದಲ್ಲೇ ಅದು ಇರಬೇಕು, ಎಷ್ಟೋ ಸಲ ಅದು ಹೊಸ ಚಿಪ್‌ನ ಕೊನೆ. ಉತ್ತರ ತಡವರಿಸಿದರೆ ರೌಟರ್ ಎತ್ತಿಕೊಂಡು ಬನ್ನಿ. 32 ಎಂಬಿ ಫ್ಲಾಶ್ ಹಾಕ್ತೀವಿ ಅನ್ನುವವರಿಗೂ ಬೇಡ ಅನ್ನಿ. 16 ಎಂಬಿ ದಾಟಿದರೆ ಚಿಪ್‌ನೊಳಗಿನ ಜಾಗದ ವಿಳಾಸಕ್ಕೆ 3 ಬೈಟ್ ಸಾಲದು. ಅಷ್ಟೇ ಗೊತ್ತಿರುವ ಹಳೆ ಬೂಟ್‌ಲೋಡರ್‌ಗಳು (ರೌಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಮ್) ರೀಬೂಟ್ ಹೊತ್ತಿಗೆ ಅಲ್ಲೇ ನಿಂತುಬಿಡಬಹುದು, ಪವರ್ ತೆಗೆದು ಹಾಕುವವರೆಗೂ ಏಳುವುದಿಲ್ಲ.

ನೀವೇ ಡಂಪ್ ತೆಗೆಯುವುದಾದರೆ ಅಗ್ಗದ ಸಿಎಚ್341ಎ ಪ್ರೋಗ್ರಾಮರ್ (ಚಿಪ್ ಓದಿ ಬರೆಯುವ ಸಾಧನ) ಬಗ್ಗೆ ಹುಷಾರು. ಆ ಕಪ್ಪು ಬೋರ್ಡ್‌ಗಳಲ್ಲಿ ಬಹಳಷ್ಟು 3.3 ವೋಲ್ಟ್ ಚಿಪ್‌ನ ಡೇಟಾ ಪಿನ್‌ಗಳಿಗೆ 5 ವೋಲ್ಟ್ ಕೊಡುತ್ತವೆ. ಮೀಟರ್ ಇಟ್ಟು ನೋಡದೆ ಕ್ಲಿಪ್ ಹಾಕಬೇಡಿ.

ನನ್ನವೆರಡರಲ್ಲಿ ಒಂದು ಈಗ ವೈಫೈ ಆಫ್ ಮಾಡಿಕೊಂಡು ಬರೀ ಸ್ವಿಚ್ ಆಗಿದೆ. ಇನ್ನೊಂದರ ರ‍್ಯಾಮ್ ಮತ್ತೆ ಬೆಸೆಯಬೇಕು. ಈ ಖರ್ಚು, ತಲೆನೋವಿಗೆ 16 ಎಂಬಿ ಫ್ಲಾಶ್, 128 ಎಂಬಿ ರ‍್ಯಾಮ್ ಇರುವ ಸೆಕೆಂಡ್ ಹ್ಯಾಂಡ್ ರೌಟರೇ ಬರುತ್ತಿತ್ತು ಅಲ್ವಾ?