ಅಜ್ಜನ ಅಜ್ಜನನ್ನು ಹುಡುಕಿದ ದಾರಿಗಳು: ರೆಕಾರ್ಡ್ ರೂಮು, ಪುಣೆಯ ದಫ್ತರ, ಹೆಳವರ ಪುಸ್ತಕ

ನಮ್ಮೂರು ಈಗ ನೀರೊಳಗಿದೆ. ಆಲಮಟ್ಟಿ ಹಿನ್ನೀರು ಬರುವ ಮುಂಚೆ ನಾವು ಮನೆಯ ಬಾಗಿಲು, ತೊಲೆ, ಜಂತಿ ಎಲ್ಲ ಕಿತ್ತುಕೊಂಡು ಬಾಗಲಕೋಟೆ ಹತ್ತಿರದ ಪುನರ್ವಸತಿ ಕೇಂದ್ರಕ್ಕೆ ಬಂದೆವು. ಆ ಗದ್ದಲದಲ್ಲಿ ಕಾಗದಪತ್ರದ ಪೆಟ್ಟಿಗೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಅಪ್ಪ ಕೊನೆಯವರೆಗೂ ಅದನ್ನೇ ನೆನೆಸಿ ಹಳಹಳಿಸುತ್ತಿದ್ದರು. ಅವರು ಹೋದ ಮೇಲೆ ನಾನು ಹುಡುಕಾಟ ಶುರು ಮಾಡಿದೆ. ಎರಡು ವರ್ಷ ಹಿಡಿಯಿತು.

ಎಲ್ಲ ಕಡೆಗೂ ನಾನು ಒಯ್ದದ್ದು ಎರಡೇ ಪ್ರಶ್ನೆ. ಒಂದು, ಅಜ್ಜನ ಅಜ್ಜನ ಹೆಸರೇನು? ಎರಡು, ನಾವು ಎಲ್ಲಿಂದ ಬಂದವರು? ಅಜ್ಜ ಬದುಕಿದ್ದಾಗ "ಬರದಾಗ ಬಂದವ್ರಪಾ ನಾವು" ಅಂತಿದ್ದ. ಯಾವ ಬರ, ಯಾವ ಕಡೆಯಿಂದ ಅಂತ ಕೇಳುವ ಬುದ್ಧಿ ಆಗ ನಮಗಿರಲಿಲ್ಲ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆ ಕೇಳಿದ್ದರಿಂದ ಯಾರು ಏನು ಕೊಟ್ಟರು ಅಂತ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ನಮ್ಮ ಕಡೆಯ ರೈತ ಮನೆತನದವರಿಗೆ ಇದು ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಬೇಕು. ಕಾಗದ ಸರ್ಕಾರದ ಹಿಂದೆ ಹೋಗುತ್ತದೆ. ನಮ್ಮ ಭಾಗ 1818ರವರೆಗೆ ಪೇಶ್ವೆಯರ ಕೈಯಲ್ಲಿತ್ತು. ಆಮೇಲೆ ಇಂಗ್ಲಿಷರ ಮುಂಬೈ ಪ್ರಾಂತ್ಯ. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು. 1885ರಲ್ಲಿ ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಹೋಯಿತು. 1956ರಲ್ಲಿ ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆವು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ. ಹಾಗಾಗಿ ಒಂದೇ ಹೊಲದ ಚರಿತ್ರೆ ಮೂರು ನಾಲ್ಕು ಊರಲ್ಲಿ ಚದುರಿ ಕೂತಿದೆ. ಜಮಖಂಡಿ, ಮುಧೋಳ, ರಾಮದುರ್ಗದವರ ಕಥೆ ಇನ್ನೂ ಬೇರೆ. ಅವು 1948ರವರೆಗೆ ಸಂಸ್ಥಾನಗಳು, ಅವುಗಳ ದಫ್ತರವೇ ಬೇರೆ ಇತ್ತು. ನಿಮ್ಮ ಊರು ಯಾವ ವರ್ಷ ಯಾರ ಕೈಯಲ್ಲಿತ್ತು ಅಂತ ಗೊತ್ತಿಲ್ಲದೆ ಬಸ್ ಹತ್ತಬೇಡಿ.

ಹತ್ತಿರದ ಎರಡು ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಶಾಲೆಯ ಜನರಲ್ ರಿಜಿಸ್ಟರ್. ಅದರಲ್ಲಿ ಅಪ್ಪನ ಹೆಸರು, ಅಜ್ಜನ ಹೆಸರು ಸಿಕ್ಕಿತು, ಅಷ್ಟೇ. ಹುಟ್ಟಿದ ತಾರೀಕನ್ನಂತೂ ನಂಬಬೇಡಿ. ಅರ್ಧ ಹುಡುಗರು ಜೂನ್ 1ಕ್ಕೇ ಹುಟ್ಟಿದ್ದಾರೆ. ಇನ್ನೊಂದು ಶಾಲೆಯಲ್ಲಿ ಹಳೆಯ ರಿಜಿಸ್ಟರನ್ನು ಗೆದ್ದಲು ತಿಂದಿತ್ತು. ಪುಟ ತೆಗೆದರೆ ಮಣ್ಣು ಉದುರಿತು. ನೋಡಿ ಹೊಟ್ಟೆ ಉರಿಯಿತು. ಎರಡನೆಯದು ಮುಳುಗಡೆಯ ಭೂಸ್ವಾಧೀನ ಕಡತ. ಪರಿಹಾರಕ್ಕೆ ಅಂತ ಎಲ್ಲರೂ ವಂಶಾವಳಿ ಬರೆಸಿ ಕೊಟ್ಟಿದ್ದರಲ್ವಾ, ಅದು ಅದರಲ್ಲಿದೆ. ಆದರೆ ಅದನ್ನು ಹೇಳಿ ಬರೆಸಿದವರು ಅಪ್ಪನೇ. ಅಪ್ಪನಿಗೆ ಗೊತ್ತಿದ್ದಷ್ಟೇ ಅಲ್ಲಿದೆ. ಹಾಗಂತ ಅದು ಕೆಲಸಕ್ಕೆ ಬಾರದ ಕಾಗದವಲ್ಲ. ಮುಳುಗಿದ ಹೊಲದ ಸರ್ವೆ ನಂಬರು ನನಗೆ ಸಿಕ್ಕಿದ್ದು ಆ ಅವಾರ್ಡ್ (ಪರಿಹಾರದ ಆದೇಶ) ಪ್ರತಿಯಲ್ಲೇ. ಸರ್ವೆ ನಂಬರು ಇಲ್ಲದಿದ್ದರೆ ಮುಂದಿನ ಬಾಗಿಲು ತೆರೆಯುವುದಿಲ್ಲ.

ಆ ಬಾಗಿಲು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮು.

ಕಂಪ್ಯೂಟರ್ ಪಹಣಿಯಿಂದ ಹಿಂದೆ ಬಹಳ ದೂರ ಹೋಗಲು ಆಗುವುದಿಲ್ಲ. ಅದರ ಹಿಂದೆ ಕೈಬರಹದ ಉತಾರಗಳು (ಹಳೆಯ ಪಹಣಿಗಳು), ಅವುಗಳ ಹಿಂದೆ ಡೈರಿ. ಹೊರಗಿನವರಿಗೆ ಡೈರಿ ಅಂದರೆ ದಿನಚರಿ. ನಮ್ಮ ಕಡೆ ಡೈರಿ ಅಂದರೆ ಹಕ್ಕು ಬದಲಾವಣೆಯ ದಾಖಲೆ. ಯಾರು ಸತ್ತರು, ಯಾರ ಹೆಸರು ಏರಿತು, ಅಣ್ಣತಮ್ಮಂದಿರ ವಾಟ್ನಿ (ಪಾಲು) ಹೇಗಾಯಿತು, ಯಾರ ಹತ್ತಿರ ಒತ್ತಿ ಇಟ್ಟರು, ಎಲ್ಲ ಅದರಲ್ಲಿ. ಮುಂಬೈ ಪ್ರಾಂತ್ಯದಲ್ಲಿ 1903ರಲ್ಲಿ ಈ ಹಕ್ಕು ದಾಖಲೆಯ ಕಾಯ್ದೆ ಬಂತು. ಪ್ರತಿ ಉತಾರದಲ್ಲೂ ಡೈರಿ ನಂಬರು ಇರುತ್ತದೆ. ಆ ನಂಬರು ಹಿಡಿದು ಹಿಂದಿನದಕ್ಕೆ, ಅದರಿಂದ ಅದರ ಹಿಂದಿನದಕ್ಕೆ, ಬಾವಿಯ ಮೆಟ್ಟಿಲು ಇಳಿದ ಹಾಗೆ ಇಳಿಯಬೇಕು. ನಡುವೆ ಹೊಲ ಹಿಸ್ಸಾ (ಪಾಲು) ಆಗಿ ನಂಬರು ಬದಲಾಗಿದ್ದರೆ ಭೂಮಾಪನ ಕಚೇರಿಯಲ್ಲಿ ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ನೋಡಿ ಹಳೆಯ ನಂಬರು ತಿಳಿದುಕೊಂಡು ಬರಬೇಕು. ನಾನು ನಾಲ್ಕು ಸಲ ಅರ್ಜಿ ಹಾಕಿದೆ. ಖರ್ಚು ಹೆಚ್ಚೇನಿಲ್ಲ, ಓಡಾಟವೇ ಜಾಸ್ತಿ.

ನಾಲ್ಕನೆಯ ಸಲ 1919ರ ಡೈರಿಯ ಒಂದು ಪುಟ ಸಿಕ್ಕಿತು. ದಪ್ಪ ಕಾಗದ. ಮಸಿ ಕಂದಿ ಚಹದ ಬಣ್ಣಕ್ಕೆ ಬಂದಿದೆ. ಓರೆ ಅಕ್ಷರದ ಕನ್ನಡ. ಬರೆದದ್ದು ಮೂರೇ ಸಾಲು: ಕಬ್ಜೇದಾರ ಇಂಥವ ಬಿನ್ ಇಂಥವ, ಮಯತ. ವಾರಸ ಮಗ ಇಂಥವ, ವಯ 6. ಅ.ಪಾ.ಕ. ತಾಯಿ ಇಂಥವಳು.

ಓದಿ ಸುಮ್ನೆ ಕೂತುಬಿಟ್ಟೆ. ಆ ಆರು ವರ್ಷದ ಹುಡುಗ ನನ್ನ ಅಜ್ಜ. ಕಬ್ಜೇದಾರ, ಅಂದರೆ ಹೊಲ ಹಿಡಿದಿದ್ದು ಮಯತ ಆದವನು (ತೀರಿಕೊಂಡವನು), ಅಜ್ಜನ ಅಪ್ಪ. 'ಬಿನ್' ಅಂದರೆ ಇಂಥವನ ಮಗ, ಅಂದರೆ ಅದರ ಮುಂದಿನ ಹೆಸರು ನಾನು ಹುಡುಕುತ್ತಿದ್ದ ಅಜ್ಜನ ಅಜ್ಜನದು. ಮೊದಲ ಪ್ರಶ್ನೆಗೆ ಉತ್ತರ ಅಲ್ಲಿಗೆ ಸಿಕ್ಕಿತು. ಆದರೆ ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ. ಅ.ಪಾ.ಕ. ಅಂದರೆ ವಯಸ್ಸಿಗೆ ಬಾರದ ಮಗುವಿನ ಪಾಲಕರು. 1918ರ ಕೊನೆಗೆ ಇನ್‌ಫ್ಲುಯೆಂಜಾ ಮುಂಬೈ ಪ್ರಾಂತ್ಯದಲ್ಲಿ ಲಕ್ಷಾಂತರ ಜನರನ್ನು ಒಯ್ದಿತ್ತು. ಅಜ್ಜನ ಅಪ್ಪ ಅದರಲ್ಲೇ ಹೋದನೋ ಏನೋ, ಡೈರಿಯಲ್ಲಿ ಕಾರಣ ಬರೆಯುವುದಿಲ್ಲ. ಆದರೆ ಒಬ್ಬ ಹೆಣ್ಣುಮಗಳು ಆರು ವರ್ಷದ ಮಗನನ್ನು ಪಕ್ಕದಲ್ಲಿಟ್ಟುಕೊಂಡು ಆ ಹೊಲ ಕೈಬಿಡದೆ ಉಳಿಸಿದ್ದಾಳೆ. ನಮ್ಮ ಮನೆಯಲ್ಲಿ ಅವಳ ಹೆಸರನ್ನು ಯಾರೂ ಒಮ್ಮೆಯೂ ಹೇಳಿರಲಿಲ್ಲ. ಅಜ್ಜನನ್ನು ಕಾಕಾ ಬೆಳೆಸಿದ ಅಂತಲೇ ನಾವು ಕೇಳಿದ್ದು. ಅವಳ ಹೆಸರು ನಮ್ಮ ಅಕ್ಕನ ಹೆಸರೇ. ಅಕ್ಕ ಹುಟ್ಟಿದಾಗ ಅಜ್ಜನೇ ಹೆಸರಿಟ್ಟಿದ್ದನಂತೆ, ಯಾಕೆ ಆ ಹೆಸರು ಅಂತ ಹೇಳಿರಲಿಲ್ಲ. ಫೋನ್ ಮಾಡಿ ಹೇಳಿದೆ. ಅಕ್ಕನಿಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ರೆಕಾರ್ಡ್ ರೂಮಿನ ಮಿತಿಯೂ ಅಲ್ಲೇ. ನಮ್ಮೂರಿನ ಡೈರಿ ಅದಕ್ಕಿಂತ ಹಿಂದೆ ಹೋಗಲಿಲ್ಲ. ಜಮೀನು ಇಲ್ಲದ ಮನೆತನಗಳ ಹೆಸರು ಅದರಲ್ಲಿ ಬರುವುದೂ ಇಲ್ಲ. ಇದು ಸಣ್ಣ ಕೊರತೆಯಲ್ಲ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಮುಟ್ಟಿದರೆ ಮುರಿಯುವ ಪುಟಗಳನ್ನು ಕಂಡವನಾಗಿ ಹೇಳುತ್ತೇನೆ, ಇದು ಹತ್ತು ವರ್ಷ ಮೊದಲೇ ಆಗಬೇಕಿತ್ತು.

ಎರಡನೆಯ ಪ್ರಶ್ನೆ ಹಿಡಿದು ಪತ್ರಾಗಾರಕ್ಕೆ ಹೋದೆ. ನಮ್ಮ ರಾಜ್ಯ ಪತ್ರಾಗಾರ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ವಿಧಾನಸೌಧದಲ್ಲಿದೆ, ಧಾರವಾಡದಲ್ಲಿ ವಿಭಾಗೀಯ ಕಚೇರಿ ಇದೆ. ನಾನು ಧಾರವಾಡಕ್ಕೆ ಹೋದೆ. ಅಲ್ಲಿ ಮಾತಾಡಿದ ಮೇಲೆ ನನಗೆ ತಿಳಿದದ್ದು, ನನ್ನ ಪ್ರಶ್ನೆ ಪೇಶ್ವೆ ಕಾಲದ್ದು, ಅದಕ್ಕೆ ಪುಣೆಗೇ ಹೋಗಬೇಕು ಅಂತ. ಸ್ವಾತಂತ್ರ್ಯ ಹೋರಾಟದಲ್ಲಿ ಇದ್ದವರ ಮನೆತನವಾದರೆ, ಸರ್ಕಾರಿ ನೌಕರಿಯಲ್ಲಿ ಇದ್ದವರಾದರೆ ನಮ್ಮ ಪತ್ರಾಗಾರವನ್ನೇ ಮೊದಲು ನೋಡಿ.

ಪುಣೆಯ ಪತ್ರಾಗಾರ ಬಂಡ್ ಗಾರ್ಡನ್ ರಸ್ತೆಯಲ್ಲಿದೆ, ಮಹಾರಾಷ್ಟ್ರ ಸರ್ಕಾರದ್ದು. ಪೇಶ್ವೆ ದಫ್ತರ ಅಂತ ಹೆಸರಾದದ್ದು ಇದೇ. ಕೋಟಿಗಟ್ಟಲೆ ಕಾಗದಗಳು, ಬಟ್ಟೆಯಲ್ಲಿ ಕಟ್ಟಿದ ಗಂಟುಗಳಲ್ಲಿ. ಆ ಗಂಟಿಗೆ ರುಮಾಲು ಅನ್ನುತ್ತಾರೆ. ಗುರುತಿನ ಚೀಟಿ ಕೊಟ್ಟು, ಯಾಕೆ ಬೇಕು ಅಂತ ಬರೆದು ಅರ್ಜಿ ಹಾಕಬೇಕು. ಯಾದಿ ನೋಡಿ ರುಮಾಲು ಕೇಳಬೇಕು. ನಾನು ಸೋದರಮಾವನ ಮನೆಯಲ್ಲಿ ಇಳಿದುಕೊಂಡು ಐದು ದಿನ ಹೋದೆ. ಮೊದಲ ಎರಡು ದಿನ ಯಾದಿಯಲ್ಲೇ ಕಳೆಯಿತು.

ಎದುರಿಗೆ ಕಾಗದ ಬಂದಾಗ ಗೊತ್ತಾಯಿತು, ನನ್ನ ಓದು ಇಲ್ಲಿ ಸಾಲದು ಅಂತ. ಎಲ್ಲ ಮೋಡಿ ಲಿಪಿ, ಹಿಂದೆ ಮರಾಠಿ ಬರೆಯುತ್ತಿದ್ದ ಓಟದ ಅಕ್ಷರ. ಕೈ ಎತ್ತದೆ ಸರಸರ ಬರೆದದ್ದು, ಪದ ಎಲ್ಲಿ ಮುಗಿಯಿತು ಅಂತಲೂ ತಿಳಿಯುವುದಿಲ್ಲ. ಮೋಡಿ ಓದುವವರೊಬ್ಬರನ್ನು ಹಿಡಿದೆ. ನನ್ನ ಇಡೀ ಹುಡುಕಾಟದಲ್ಲಿ ದೊಡ್ಡ ಖರ್ಚು ಅದೇ. ಆದರೆ ಅವರು ಕೂರಿಸಿಕೊಂಡು ಕಲಿಸಿದ ಒಂದು ವಿಷಯ ಎಂದೂ ಮರೆಯುವುದಿಲ್ಲ. ಕಾಗದದ ತಲೆಯ ಮೇಲೆ "ಇಸನ್ನೆ ಅಶರ ಮಯಾತೈನ ವ ಅಲಫ" ಅಂತ ಇತ್ತು. ಅರಬ್ಬೀ ಅಂಕಿಗಳು. ಎರಡು, ಹತ್ತು, ಇನ್ನೂರು, ಸಾವಿರ. ಕೂಡಿಸಿದರೆ 1212. ಇದು ಸುಹೂರ್ ಸನ್, ಆ ಕಾಲದ ದಫ್ತರದ ವರ್ಷದ ಲೆಕ್ಕ. ಇದಕ್ಕೆ 599 ಅಥವಾ 600 ಕೂಡಿಸಿದರೆ ನಮ್ಮ ಇಸವಿ. ಅಂದರೆ 1811-12. ಎರಡು ಅಂಕಿ ಯಾಕೆ ಅಂದರೆ ಆ ವರ್ಷ ಶುರುವಾಗುವುದು ಜೂನ್ ಮೊದಲ ವಾರದಲ್ಲಿ, ಮಿರಗ (ಮೃಗಶಿರಾ ಮಳೆ) ಕೂಡಿದಾಗ. ಬಿತ್ತುವ ಹೊತ್ತಿಗೆ ಹೊಸ ವರ್ಷ! ರೈತನ ಲೆಕ್ಕ ಅದು.

ಆ ಕಾಗದದಲ್ಲಿ ನಮ್ಮೂರಿನ ಹೆಸರಿತ್ತು. ಗೌಡನ ಹೆಸರು, ಕುಲಕರ್ಣಿಯ ಹೆಸರು ಇತ್ತು. ನಮ್ಮ ಮನೆತನದ ಹೆಸರು ಇರಲಿಲ್ಲ. ಇದನ್ನು ಮೊದಲೇ ತಿಳಿದು ಹೋಗಿ. ಗೌಡಕಿ, ಕುಲಕರ್ಣಿಕಿ, ದೇಸಗತಿ, ಇನಾಂ, ಮಠ ಇದ್ದ ಮನೆತನಗಳಿಗೆ ಈ ದಫ್ತರ ಬಂಗಾರದ ಗಣಿ. 1852ರ ಇನಾಂ ಕಾಯ್ದೆಯ ಕಾಲದಲ್ಲಿ ಇನಾಂದಾರರು ತಮ್ಮ ಹಕ್ಕು ತೋರಿಸಲು ತಲೆತಲಾಂತರದ ಲೆಕ್ಕ ಕೊಡಬೇಕಾಯಿತು. ಉಳುವ ರೈತನಿಗೆ ಅಂಥ ಅದೃಷ್ಟ ಇಲ್ಲ. ಅವನು ಕೊಟ್ಟ ಕಂದಾಯ ಇದೆ, ಅವನ ಹೆಸರು ಅಪರೂಪ.

ಆದರೂ ಬರಿಗೈಲಿ ಬರಲಿಲ್ಲ. ಆ ವರ್ಷ ನಮ್ಮೂರಿನ ಬಹಳಷ್ಟು ಜಮೀನು ಪಡ (ಉಳುಮೆಯಿಲ್ಲದೆ ಪಾಳು) ಬಿದ್ದಿತ್ತು. ಹೊಸ ರೈತರನ್ನು ಕೌಲು (ಕಂದಾಯದ ಕರಾರು) ಕೊಟ್ಟು ಕರೆಸುತ್ತಿದ್ದರು. ಮೊದಲ ವರ್ಷ ಕಡಿಮೆ ಕಂದಾಯ, ಆಮೇಲೆ ಏರುತ್ತ ಹೋಗುವುದು. ಈ ಮಾತು ಯಾಕೆ ಮುಖ್ಯ ಅಂತ ನನಗೆ ಗೊತ್ತಾಗಿದ್ದು ಮನೆತನಗಳ ವಂಶಾವಳಿ ಬರೆದಿಟ್ಟು ಹೇಳುವ ಹೆಳವರು ಬಂದ ಮೇಲೆ.

ಹೆಳವರನ್ನು ನಾವು ಚಿಕ್ಕವರಿದ್ದಾಗ ನೋಡಿದ್ದೆವು. ಸುಗ್ಗಿ ಮುಗಿದ ಮೇಲೆ ಬೆಳಗಿನ ಜಾವ ಎತ್ತಿನ ಮೇಲೆ ಬರುತ್ತಿದ್ದರು. ಗಂಟೆ ಬಾರಿಸಿ, ಮನೆ ಮುಂದೆ ನಿಂತು ಹಿರಿಯರ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು. ಊರು ಮುಳುಗಿದ ಮೇಲೆ ಅವರಿಗೆ ನಾವೆಲ್ಲಿ ಹೋದೆವು ಅಂತ ಗೊತ್ತಾಗಲಿಲ್ಲ, ನಮಗೆ ಅವರೆಲ್ಲಿ ಅಂತ ಗೊತ್ತಿರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ವಿಚಾರಿಸುತ್ತ ವಿಚಾರಿಸುತ್ತ ನಮ್ಮ ಮನೆತನ ನೋಡುವ ಹೆಳವರ ಮಗ ಸಿಕ್ಕರು. ಈಗ ಅವರೇ ಹಿರಿಯರು. ಬೈಕಿನ ಮೇಲೆ ಬಂದರು. ಬಟ್ಟೆಯಲ್ಲಿ ಸುತ್ತಿದ ಹಳೆಯ ಪುಸ್ತಕ, ಜೊತೆಗೆ ಕನ್ನಡದಲ್ಲಿ ನಕಲು ಮಾಡಿದ ನೋಟ್‌ಬುಕ್ಕು.

"ಯಾವ ಬೆಡಗಾನ್ರಿ?" ಅಂತ ಕೇಳಿದರು. ಬೆಡಗು ಅಂದರೆ ಕುಲದೊಳಗಿನ ಬಳಿ. ಹೇಳಿದೆ. "ಮನಿ ದೇವ್ರು?" ಹೇಳಿದೆ. ಪುಟ ಹುಡುಕಿದರು. ಆಮೇಲೆ ಪುಸ್ತಕ ನೋಡದೆಯೇ ಒಂಬತ್ತು ತಲೆ ಹೇಳಿದರು. ನನ್ನ ಮೈ ಜುಮ್ ಅಂದಿತು. ಡೈರಿಯಲ್ಲಿ ಸಿಕ್ಕ ಅಜ್ಜನ ಅಜ್ಜನ ಹೆಸರು ಅವರ ಬಾಯಲ್ಲಿ ಸರಿಯಾದ ಜಾಗದಲ್ಲೇ ಬಂತು. ನಾನು ಮೊದಲು ಹೇಳಿರಲಿಲ್ಲ, ಪರೀಕ್ಷೆಗೆ ಅಂತ ಬೇಕೆಂದೇ ಮುಚ್ಚಿಟ್ಟಿದ್ದೆ. "ಡೋಗಿ ಬರದಾಗ ಇಂಡಿ ಕಡಿಂದ ಕೃಷ್ಣಾ ದಾಟಿ ಬಂದ್ರು, ಮೂರು ಮಂದಿ ಅಣ್ತಮ್ರು" ಅಂದರು.

ಡೋಗಿ ಬರ ಅಂದರೆ 1791-92. ನಾನು ಅಲ್ಲಿಯವರೆಗೆ ಅಜ್ಜ ಹೇಳಿದ ಬರ 1876ರ ಧಾತು ಬರ ಅಂತಲೇ ನಂಬಿದ್ದೆ. ಅದೂ ಭಯಂಕರವೇ. ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ 8.16 ಲಕ್ಷ ಇದ್ದದ್ದು 1881ಕ್ಕೆ 6.38 ಲಕ್ಷಕ್ಕೆ ಇಳಿದಿತ್ತು. ಆದರೆ ಹೆಳವರ ಮಾತಿಗೆ ಪುಣೆಯ ಕಾಗದ ಕೂಡುತ್ತದೆ. ಡೋಗಿ ಬರ ಆಗಿ ಇಪ್ಪತ್ತು ವರ್ಷಕ್ಕೂ ಜಮೀನು ಪಡ ಇದೆ, ಹೊಸಬರಿಗೆ ಕೌಲು ಸಿಗುತ್ತಿದೆ. ಹೊರಗಿನಿಂದ ಬಂದ ಮೂವರು ಅಣ್ಣತಮ್ಮಂದಿರಿಗೆ ಹೊಲ ಸಿಕ್ಕಿದ್ದು ಹೀಗೇ ಇರಬೇಕು. ಇಂಡಿ ಕಡೆಯ ಆ ಊರಿಗೂ ಹೋಗಿ ಬಂದೆ. ಅದೇ ಬೆಡಗು, ಅದೇ ಮನೆ ದೇವರು ಇರುವ ಮನೆಗಳಿವೆ. ಊರು ಬಿಟ್ಟು ಹೋದವರ ಸುದ್ದಿ ಅಲ್ಲಿ ಯಾರಿಗೂ ನೆನಪಿಲ್ಲ. ಆದರೂ ಊಟ ಮಾಡಿಸದೆ ಕಳಿಸಲಿಲ್ಲ.

ಹೆಳವರ ಪುಸ್ತಕದಲ್ಲಿ ಇಸವಿ ಇಲ್ಲ, ಬರ ಮತ್ತು ಬೇನೆಯೇ ಗುರುತು. ಒಂದು ತಪ್ಪೂ ಸಿಕ್ಕಿತು. ದತ್ತಕ ಹೋದ ಒಬ್ಬ ಕಾಕಾ ಅವರ ಲೆಕ್ಕದಲ್ಲಿ ಇರಲಿಲ್ಲ, ಡೈರಿಯಲ್ಲಿ ಇದ್ದ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವುದರಿಂದ ಒಂದೇ ಹೆಸರು ತಲೆ ಬಿಟ್ಟು ತಲೆಗೆ ಬರುತ್ತದೆ, ಅಲ್ಲಿ ಒಂದು ತಲೆ ಹಾರಿಹೋಗುವುದು ಸುಲಭ. ಆದ್ದರಿಂದ ಹೆಳವರನ್ನು ಕರೆಸುವ ಮುಂಚೆ ಡೈರಿ ತೆಗೆಸಿಟ್ಟುಕೊಳ್ಳಿ. ಮೂರು ತಲೆ ಕಾಗದದಲ್ಲಿ ಗಟ್ಟಿಯಾದರೆ ಮೇಲಿನ ಆರು ತಲೆಯನ್ನು ಧೈರ್ಯವಾಗಿ ಕೇಳಬಹುದು. ಜಮೀನು ಇಲ್ಲದ ಮನೆತನವಾದರೆ ನೇರವಾಗಿ ಹೆಳವರನ್ನೇ ಹುಡುಕಿ. ಅವರಿಗೂ ವಯಸ್ಸಾಗುತ್ತಿದೆ, ಮಕ್ಕಳು ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಪುಣೆಯ ಕಾಗದ ಹತ್ತು ವರ್ಷ ಕಾದೀತು, ಇದು ಕಾಯುವುದಿಲ್ಲ.

ಅವರು ಹೊರಡುವಾಗ ಅವ್ವ ಜೋಳ, ಹೊಸ ಧೋತರ, ದಕ್ಷಿಣೆ ಕೊಟ್ಟಳು. ನಾನು ಡೈರಿಯ ನಕಲು ತೋರಿಸಿ, ಅ.ಪಾ.ಕ. ತಾಯಿಯ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ ಅಂತ ಕೇಳಿದೆ. ನಮ್ಮ ಪುಟದಲ್ಲಿ ಇದ್ದದ್ದೆಲ್ಲ ಗಂಡಸರ ಹೆಸರೇ. ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನಮ್ಮಪ್ಪಾರು ಹಿಂಗ ಬರೀತಿರಲಿಲ್ಲ" ಅಂದರು. ಆಮೇಲೆ ಅಜ್ಜನ ಅಪ್ಪನ ಹೆಸರಿನ ಪಕ್ಕ 'ಕೋಂ' (ಇಂಥವನ ಹೆಂಡತಿ) ಅಂತ ಬರೆಯದೆ, ಅದರ ಕೆಳಗೆ ಬೇರೆ ಸಾಲು ಮಾಡಿ, ಅವಳ ಹೆಸರು ಬರೆದರು. ಅಕ್ಕ ಅಲ್ಲೇ ನಿಂತಿದ್ದಳು.