ಮೀಟರ್ ನೋಡಿ ಟೈಮಿಂಗ್ ಬೆಲ್ಟ್ ಮರೆತೆ, 52 ಸಾವಿರ ಕೊಟ್ಟೆ

ಹೋದ ಮೇ ತಿಂಗಳಲ್ಲಿ ವಿಜಯಪುರದಿಂದ ಬಾಗಲಕೋಟೆಗೆ ಮದುವೆಗೆ ಹೊರಟಿದ್ದೆವು. ಕೊಲ್ಹಾರದಲ್ಲಿ ಇಳಿದು ಎರಡು ಗಡಿಗೆ ಮೊಸರು ಕೊಂಡೆವು. ಕೃಷ್ಣಾ ಸೇತುವೆ ದಾಟಿ ಸ್ವಲ್ಪ ದೂರ ಹೋಗಿರಬಹುದು, ಬಾನೆಟ್ ಒಳಗೆ ಟಪ್ ಅಂತ ಸದ್ದು. ಅಷ್ಟೇ, ಇಂಜಿನ್ ಬಂದ್. ಹೊಗೆ ಇಲ್ಲ, ವಾಸನೆ ಇಲ್ಲ. ಸ್ಟೀರಿಂಗ್ ಮಾತ್ರ ಕಲ್ಲಾಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದೆ.

ಆಮೇಲೆ ಮಾಡಿದ್ದೇ ದೊಡ್ಡ ತಪ್ಪು. ಐದಾರು ಸಲ ಸೆಲ್ಫ್ ಹೊಡೆದೆ. ಯಾವಾಗಿನ ಹಾಗೆ ತಿಣುಕದೆ ಸರ್ರನೆ ಹಗುರಾಗಿ ತಿರುಗಿತು. ಟೈಮಿಂಗ್ ಬೆಲ್ಟ್ ಹೋದದ್ದಕ್ಕೆ ಅದೇ ಗುರುತಂತೆ. ದಾರಿಯಲ್ಲಿ ಹೋಗುತ್ತಿದ್ದವರು ಬಂದು ತಳ್ಳಿಯೂ ನೋಡಿದರು, ಪಾಪ. ನಿಮಗೆ ಹೀಗಾದರೆ ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ತಳ್ಳಲೂ ಬಿಡಬೇಡಿ.

ಗ್ಯಾರೇಜಿನಲ್ಲಿ ಕವರ್ ಬಿಚ್ಚಿದ ಮೇಸ್ತ್ರಿ, 'ಬೆಲ್ಟ್ ಹರದೈತ್ರೀ, ವಾಲ್ವ್ ಮಣದಾವು' ಅಂದ.

ಇಂಜಿನ್‌ಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲೇ ವಾಲ್ವ್. ಕೆಳಗಿನ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಎರಡು ಸುತ್ತು ಹಾಕುವಷ್ಟರಲ್ಲಿ ಮೇಲಿನ ಕ್ಯಾಮ್, ಅಂದರೆ ವಾಲ್ವ್ ತೆರೆಯುವ ದಂಡ, ಒಂದು ಸುತ್ತು ಹಾಕಬೇಕು. ಈ ತಾಳ ತಪ್ಪದಂತೆ ಹಿಡಿದಿರುವುದು ಹಲ್ಲಿರುವ ಒಂದು ರಬ್ಬರ್ ಬೆಲ್ಟ್, ಅದೇ ಟೈಮಿಂಗ್ ಬೆಲ್ಟ್. ಅದು ಹರಿದರೆ ಕ್ಯಾಮ್ ಅಲ್ಲೇ ನಿಲ್ಲುತ್ತದೆ, ತೆರೆದ ವಾಲ್ವ್ ತೆರೆದೇ ಇರುತ್ತದೆ. ಪಿಸ್ಟನ್ ಓಡುವ ಜೋರಿನಲ್ಲೇ ಮೇಲೆ ಬಂದು ಅದಕ್ಕೆ ಗುದ್ದುತ್ತದೆ. ಸೆಲ್ಫ್ ಹೊಡೆದರೂ, ತಳ್ಳಿ ಸ್ಟಾರ್ಟ್ ಮಾಡಲು ಹೋದರೂ ಮತ್ತೆ ಅದೇ ಗುದ್ದು. ಕೆಲವು ಇಂಜಿನ್‌ಗಳಲ್ಲಿ ನಡುವೆ ಜಾಗ ಇರುತ್ತದೆ, ಬಚಾವ್. ನನ್ನದು ಡೀಸೆಲ್, ಆ ಪುಣ್ಯ ಇರಲಿಲ್ಲ.

ಗಾಡಿ ಸೆಕೆಂಡ್ ಹ್ಯಾಂಡ್, ಒಂಬತ್ತು ವರ್ಷದ್ದು. ಮೀಟರ್ ಬರೀ 58 ಸಾವಿರ ಕಿಲೋಮೀಟರ್. ಮಾರಿದವನು 'ಬೆಲ್ಟ್ ಲಕ್ಷ ಕಿಲೋಮೀಟರಿಗೆ ಬದಲಾಯಿಸಿದ್ರೆ ಸಾಕು' ಅಂದಿದ್ದ, ನಾನು ತಲೆಯಾಡಿಸಿದ್ದೆ. ಡ್ಯಾಶ್‌ಬೋರ್ಡಿನಲ್ಲೇ ಇದ್ದ ಪುಸ್ತಕವನ್ನು ಆಮೇಲೆ ತೆಗೆದು ನೋಡಿದರೆ ಇಷ್ಟು ಕಿಲೋಮೀಟರ್ 'ಅಥವಾ' ಇಷ್ಟು ವರ್ಷ, ಯಾವುದು ಮೊದಲೋ ಅದು ಅಂತಿದೆ. ಆ 'ಅಥವಾ' ನನಗೆ ಕಂಡೇ ಇರಲಿಲ್ಲ. ನಿಂತಲ್ಲೇ ನಿಂತರೂ ರಬ್ಬರ್‌ಗೆ ವಯಸ್ಸಾಗುತ್ತದೆ, ಅದೂ ನಮ್ಮ ವಿಜಯಪುರದ ಬಿಸಿಲಲ್ಲಿ. ಆಯಿಲ್ ಸೋರಿ ಬೆಲ್ಟಿಗೆ ತಾಗಿದರೆ ಇನ್ನೂ ಬೇಗ ಹಾಳು. ಬಹಳ ಗಾಡಿಗಳಲ್ಲಿ ಹರಿಯುವ ಮುಂಚೆ ಮೀಟರಿನಲ್ಲಿ ಒಂದು ಲೈಟೂ ಬರುವುದಿಲ್ಲ.

ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸಿ ವಾಲ್ವ್, ಗ್ಯಾಸ್ಕೆಟ್, ಬೆಲ್ಟ್, ಕೂಲಿ ಎಲ್ಲ ಸೇರಿ 52 ಸಾವಿರ. ಗಾಡಿ ಹನ್ನೊಂದು ದಿನ ಗ್ಯಾರೇಜಿನಲ್ಲೇ. ಮದುವೆ ತಪ್ಪಿತು. ಮೊಸರು ಟೋಯಿಂಗ್ ಗಾಡಿಯಲ್ಲೇ ಹುಳಿಯಾಯ್ತು.

ನಮ್ಮ ಭಾವ 'ನಂದು ಬೆಲ್ಟ್ ಅಲ್ಲ, ಟೈಮಿಂಗ್ ಚೈನ್, ಚಿಂತೆ ಇಲ್ಲ' ಅಂತ ನಗುತ್ತಿದ್ದ. ಚೈನ್ ಜಾಸ್ತಿ ಬಾಳುತ್ತದೆ ನಿಜ, ಆದರೆ ಅದು ಇಂಜಿನ್ ಆಯಿಲ್‌ನಲ್ಲೇ ಬದುಕುವುದು. ಅದರ ಟೆನ್ಷನರ್ ಕೂಡ ಬಹಳ ಗಾಡಿಗಳಲ್ಲಿ ಆಯಿಲ್ ಒತ್ತಡದಿಂದಲೇ ಬಿಗಿ ಹಿಡಿಯುತ್ತದೆ. ಆಯಿಲ್ ಬದಲಾಯಿಸದೆ ಎಳೆದರೆ ಚೈನ್ ಸವೆದು ಸಡಿಲಾಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಕ್ಷಣ ಗರಗರ ಅಂದರೆ ಸುಮ್ನೆ ಬಿಡಬೇಡಿ. ಬೆಲ್ಟ್ ಕೊಡದ ಎಚ್ಚರಿಕೆಯನ್ನು ಚೈನ್ ಒಮ್ಮೊಮ್ಮೆ ಕೊಡುತ್ತದೆ. ಭಾವನ ಗಾಡಿಯೂ ಗರಗರ ಅನ್ನುತ್ತದೆ, ಅವನು ಟೇಪ್ ಜೋರು ಮಾಡುತ್ತಾನೆ.

ಬೆಲ್ಟ್ ಹಾಕಿಸುವಾಗ ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಅದು ಉರುಳುವ ಐಡ್ಲರ್ ಬೇರಿಂಗ್ ಜೊತೆಗೇ ಬದಲಾಯಿಸಿ. ಇಂಜಿನ್ ತಣ್ಣಗಿಡುವ ನೀರು ಓಡಿಸುವ ವಾಟರ್ ಪಂಪ್ ಅದೇ ಬೆಲ್ಟಿನ ಮೇಲೆ ತಿರುಗುತ್ತಿದ್ದರೆ ಅದನ್ನೂ. ಇಲ್ಲದಿದ್ದರೆ ಪಂಪ್ ಕೆಟ್ಟ ದಿನ ಮತ್ತೆ ಅಷ್ಟೇ ಕೂಲಿ. ಹಳೆ ಗಾಡಿ ಕೊಳ್ಳುವವರು ಬೆಲ್ಟ್ ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಾಯಿಸಿಲ್ಲ ಅಂತಲೇ ಹಿಡಿದು, ಆ ದುಡ್ಡನ್ನು ರೇಟಿನಲ್ಲಿ ಮುರಿಸಿಕೊಳ್ಳಿ.